ಗೋಡೆಯಿಂದ ಕಾಗದಕ್ಕೆ

ಅಜಂತೆಯನ್ನು ನೋಡದವರು ನಮ್ಮಲ್ಲಿ ಅನೇಕರಿರಬಹುದು. ಅಜಂತೆಯ ಚಿತ್ರವನ್ನು ನೋಡದವರು ಮಾತ್ರ ವಿರಳ. ನೀಲಕಮಲವನ್ನು ಹಿಡಿದು, ಕೊರಳನ್ನು ಒಂದಿಷ್ಟು ಓರೆಮಾಡಿ, ರೆಪ್ಪೆ ಬಾಗಿಸಿ ನಿಂತ ಪದ್ಮಪಾಣಿ ಬೋಧಿಸತ್ತ್ವನು ಕಿರಾಣಿ ಅಂಗಡಿಯ ಕ್ಯಾಲೆಂಡರಿನಿಂದ ಹಿಡಿದು ಶಾಲೆಯ ಪಠ್ಯಪುಸ್ತಕದವರೆಗೆ ಎಲ್ಲೆಲ್ಲಿಯೂ ನಮಗೆ ದರ್ಶನವಿತ್ತಿದ್ದಾನೆ. ಆದರೆ ಹಾಗೆ ದರ್ಶನವಿತ್ತವನು ಗೋಡೆಯ ಮೇಲಿನ ಬೋಧಿಸತ್ತ್ವನೇ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದಿಲ್ಲ. ಎಷ್ಟೋ ವೇಳೆ ನಾವು ಕಂಡದ್ದು ಒಬ್ಬ ಪ್ರತಿಕಾರನು ಕತ್ತಲೆಯ ಗುಹೆಯಲ್ಲಿ ಕುಳಿತು, ಕಾಗದದ ಮೇಲೋ ಬಟ್ಟೆಯ ಮೇಲೋ ತೆಗೆದುಕೊಂಡ ನಕಲು. ಅಥವಾ ಆ ನಕಲಿನ ನಕಲು. ಹಳೆಗನ್ನಡ ಕಾವ್ಯಗಳನ್ನು ಪಾಠ ಹೇಳುವ ನನ್ನಂಥವನಿಗೆ ಇದು ಅಪರಿಚಿತ ಸಂಗತಿಯೇನೂ ಅಲ್ಲ. ಪಂಪನ ಕೈಬರಹವನ್ನು ಇಂದು ಕಂಡವರು ಯಾರಿದ್ದಾರೆ? ಓಲೆಯಿಂದ ಓಲೆಗೆ ಇಳಿದು ಬಂದ ಪ್ರತಿಗಳನ್ನೇ ಮುಂದಿಟ್ಟುಕೊಂಡು ನಾವು ಕವಿಯ ಹೃದಯವನ್ನು ಕಂಡೆವೆಂದು ತರಗತಿಯಲ್ಲಿ ಗಂಟಲು ಹರಿದುಕೊಳ್ಳುತ್ತೇವೆ.

ಮೂಲವನ್ನೂ ಪ್ರತಿಯನ್ನೂ ಒಂದೇ ಪ್ರವಾಸದಲ್ಲಿ ಒಂದರ ಪಕ್ಕದಲ್ಲೊಂದಿಟ್ಟು ನೋಡಬೇಕೆಂಬುದು ನನ್ನ ಬಹುದಿನದ ಹಂಬಲ. ಡಿಸೆಂಬರ್ ರಜೆಯಲ್ಲಿ ಅದು ಕೈಗೂಡಿತು. ನಮ್ಮ ಕಾಲೇಜಿನ ಇತಿಹಾಸ ವಿಭಾಗದ ಹಿರಿಯರೊಬ್ಬರು ಜೊತೆಗೆ ಬರಲು ಒಪ್ಪಿದರು. "ಚಿತ್ರಾ ಗಿತ್ರಾ ನನಗ ತಿಳಿಯಂಗಿಲ್ಲ ಮಾಸ್ತರ, ಆದ್ರ ನಮ್ಮ ಪುಲಕೇಶಿನ್ನ ನೋಡಬೇಕಾಗ್ಯದ," ಎಂದರು. ಈ ಪುಲಕೇಶಿಯ ವಿಷಯ ಮುಂದೆ ಬರಲಿದೆ. ಕಲಬುರ್ಗಿಯಿಂದ ಹೊರಡುವವರಿಗೆ ಹೈದರಾಬಾದು ದೂರವಲ್ಲ. 1948ರವರೆಗೆ ನಮ್ಮ ಜಿಲ್ಲೆಗೂ ಅಜಂತೆಗೂ ಒಬ್ಬನೇ ಒಡೆಯನಿದ್ದ. ನಿಜಾಮನ ರಾಜ್ಯದ ದಕ್ಷಿಣದ ಮೂಲೆಯಲ್ಲಿ ನಾವು, ವಾಯವ್ಯದ ಅಂಚಿನಲ್ಲಿ ಅಜಂತೆ. ಆ ಗುಹೆಗಳ ಪ್ರತಿಚಿತ್ರಗಳು ಹೈದರಾಬಾದಿನ ಸಂಗ್ರಹಾಲಯಕ್ಕೆ ಬಂದು ಸೇರಿದುದರ ಕಾರಣವೂ ಅದೇ.

ಸಾರ್ವಜನಿಕ ಉದ್ಯಾನದೊಳಗಿನ ಆ ಸಂಗ್ರಹಾಲಯಕ್ಕೆ ಬರುವ ಜನರಲ್ಲಿ ಹೆಚ್ಚಿನವರು ಬಾಗಿಲಲ್ಲೇ ಕೇಳುವ ಪ್ರಶ್ನೆ, "ಮಮ್ಮಿ ಎಲ್ಲಿದೆ?" ಎಂಬುದು. ಈಜಿಪ್ಟಿನ ರಾಜಕುವರಿಯೊಬ್ಬಳ ಶವ ಅಲ್ಲಿದೆ. ಮಕ್ಕಳು ಅವಳ ಗಾಜಿನ ಪೆಟ್ಟಿಗೆಯನ್ನು ಮುತ್ತಿಕೊಂಡಿರುತ್ತಾರೆ. ಅಜಂತೆಯ ಪ್ರತಿಗಳಿರುವ ವಿಭಾಗದಲ್ಲಿ ನಮಗೆ ಏಕಾಂತಕ್ಕೆ ಕೊರತೆಯಾಗಲಿಲ್ಲ. ಸೈಯದ್ ಅಹ್ಮದ್ ಎಂಬ ಕಲಾವಿದರ ಹೆಸರು ಇಲ್ಲಿ ಮುಖ್ಯವಾದುದು. ಹೈದರಾಬಾದಿನವರಾದ ಈತ ತಾರುಣ್ಯದಲ್ಲಿ ಅಜಂತೆಗೆ ಪ್ರತಿಕಾರರ ಸಹಾಯಕನಾಗಿ ಹೋದವರು, ಮುಂದೆ ಆ ಗುಹೆಗಳ ಪಾಲಕರೇ ಆದರು. ಬೌದ್ಧ ಜಾತಕಕಥೆಗಳನ್ನು ಒಬ್ಬ ಮುಸಲ್ಮಾನ ಕಲಾವಿದನು ಆಯುಷ್ಯದ ಬಹುಭಾಗ ರೇಖೆರೇಖೆಯಾಗಿ ಬರೆದುಕೊಂಡು ಕುಳಿತದ್ದು, ಅದಕ್ಕೆ ನಿಜಾಮ ಸರಕಾರವು ಸಂಬಳ ಕೊಟ್ಟದ್ದು, ಇವೆರಡೂ ನಮ್ಮ ನೆನಪಿನಲ್ಲಿರಬೇಕಾದ ಮಾತುಗಳು. ಪಠ್ಯಪುಸ್ತಕದ ಅಂಗೈಯಗಲದ ಅಚ್ಚುಗಳನ್ನು ಮಾತ್ರ ಕಂಡಿದ್ದ ನನಗೆ ಆ ಚಿತ್ರಗಳ ಗಾತ್ರವೇ ಮೊದಲ ಬೆರಗಾಯಿತು. ಮಿತ್ರರು ಮಾತ್ರ ಪುಲಕೇಶಿಯನ್ನು ಹುಡುಕುತ್ತ ಮುಂದೆ ಮುಂದೆ ನಡೆದರು.

ಹೈದರಾಬಾದಿನಿಂದ ರಾತ್ರಿ ಹೊರಡುವ ರೈಲಿಗೆ ಅಜಂತಾ ಎಂದೇ ಹೆಸರು. ಹೆಸರು ಹಾಗಿದ್ದರೂ ಅದು ಅಜಂತೆಗೆ ಹೋಗುವುದಿಲ್ಲ. 2023ರಿಂದ ಛತ್ರಪತಿ ಸಂಭಾಜಿನಗರವೆನಿಸಿಕೊಂಡಿರುವ ಔರಂಗಾಬಾದಿನಲ್ಲಿ ಇಳಿದು, ಸುಮಾರು ನೂರು ಕಿಲೋಮೀಟರು ಬಸ್ಸಿನಲ್ಲಿ ಸಾಗಬೇಕು. ಸಿಲ್ಲೋಡ ದಾಟಿದ ಮೇಲೆ ಹತ್ತಿಯ ಹೊಲಗಳು, ಕಪ್ಪುನೆಲ, ಅಲ್ಲಲ್ಲಿ ಬೋಳುಗುಡ್ಡ. ನಮ್ಮ ಕಡೆಯ ಬಯಲೇ ಎಂದುಕೊಳ್ಳಬೇಕು. ಅಜಿಂಠಾ ಎಂಬ ಹಳೆಯ ಕೋಟೆಗೋಡೆಯ ಊರನ್ನು ಕಳೆದು ಘಟ್ಟವಿಳಿದರೆ ಫರ್ದಾಪುರದ ಕೂಡುರಸ್ತೆ. ಅಲ್ಲಿಂದ ಗುಹೆಗಳವರೆಗಿನ ನಾಲ್ಕು ಕಿಲೋಮೀಟರಿಗೆ ಹೊಗೆಯುಗುಳದ ಬೇರೆ ಬಸ್ಸು. ಗೋಡೆಯ ಬಣ್ಣಕ್ಕೆ ಪೆಟ್ರೋಲಿನ ಹೊಗೆ ತಾಗಬಾರದೆಂದು ಈ ಏರ್ಪಾಡು.

ಮೆಟ್ಟಿಲು ಹತ್ತಿ ತಿರುವಿನಲ್ಲಿ ನಿಂತಾಗ ಕಣಿವೆ ಒಮ್ಮೆಗೇ ತೆರೆದುಕೊಳ್ಳುತ್ತದೆ. ವಾಘೋರಾ ಹೊಳೆಯು ಕುದುರೆಯ ಲಾಳದಂತೆ ಬಾಗಿ ಹರಿದಿದೆ. ಅದರ ಹೊರಬಾಗಿನ ಕಡಿದಾದ ಬಂಡೆಯ ನಡುಮೈಯಲ್ಲಿ ಮೂವತ್ತು ಗುಹೆಗಳು ಸಾಲಾಗಿ ಕಣ್ಣುತೆರೆದಿವೆ. ಕೆಲವು ಕ್ರಿಸ್ತಪೂರ್ವದ ಎರಡು-ಒಂದನೆಯ ಶತಮಾನಗಳವು. ಹೆಚ್ಚಿನವು, ಚಿತ್ರಗಳಿಂದ ಹೆಸರಾದವು, ಐದನೆಯ ಶತಮಾನದಲ್ಲಿ ವಾಕಾಟಕ ದೊರೆ ಹರಿಷೇಣನ ಕಾಲದಲ್ಲಿ ಕೊರೆದವು. ಹದಿನಾರನೆಯದನ್ನು ಮಾಡಿಸಿದವನು ಅವನ ಮಂತ್ರಿ ವರಾಹದೇವ. ಭಿಕ್ಷುಗಳು ಬಿಟ್ಟುಹೋದ ಮೇಲೆ ಬಾವಲಿ, ಜೇನು, ದನಗಾಹಿಗಳ ಬೆಂಕಿ, ಇವುಗಳ ಪಾಲಾಗಿದ್ದ ಈ ವಿಹಾರಗಳನ್ನು 1819ರ ಏಪ್ರಿಲಿನಲ್ಲಿ ಹುಲಿಬೇಟೆಗೆ ಬಂದಿದ್ದ ಜಾನ್ ಸ್ಮಿತ್ ಎಂಬ ಮದರಾಸು ಸೈನ್ಯದ ಅಧಿಕಾರಿ ಕಂಡ. ಕಂಡವನು ಸುಮ್ಮನೆ ಹೋಗದೆ ಹತ್ತನೆಯ ಗುಹೆಯ ಕಂಬದ ಮೇಲೆ ಹೆಸರನ್ನೂ ತಾರೀಖನ್ನೂ ಕೊರೆದ. ಅದು ಈಗ ನಮ್ಮ ತಲೆಗಿಂತ ಎಷ್ಟೋ ಮೇಲಿದೆ. ಅವನೇನೂ ದೈತ್ಯನಲ್ಲ, ಗುಹೆಯಲ್ಲಿ ಆಗ ಅಷ್ಟು ಎತ್ತರ ಮಣ್ಣು ತುಂಬಿತ್ತು.

ಸುದ್ದಿ ಹರಡಿದ ಮೇಲೆ ಪ್ರತಿಕಾರರ ಸರದಿ. 1844ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಮದರಾಸು ಸೈನ್ಯದ ರಾಬರ್ಟ್ ಗಿಲ್ ಎಂಬವನನ್ನು ಈ ಕೆಲಸಕ್ಕೆ ನೇಮಿಸಿದರು. ಸುಮಾರು ಎರಡು ದಶಕ ಅವನು ಅಜಿಂಠಾ ಊರಲ್ಲಿ ವಾಸಮಾಡಿ, ದೊಡ್ಡ ದೊಡ್ಡ ಬಟ್ಟೆಗಳ ಮೇಲೆ ತೈಲವರ್ಣದಲ್ಲಿ ಗೋಡೆಗಳನ್ನು ಇಳಿಸಿದ. ಪಾರೂ ಎಂಬ ಅಲ್ಲಿಯ ಹೆಣ್ಣುಮಗಳು ಅವನ ಸಂಗಾತಿಯಾಗಿದ್ದಳು. 1856ರಲ್ಲಿ ತೀರಿಕೊಂಡ ಅವಳ ಸಮಾಧಿಯ ಕತೆಯನ್ನು ಆ ಕಡೆಯ ಜನ ಇಂದಿಗೂ ಹೇಳುತ್ತಾರೆ. ಚಿತ್ರಗಳು ಹಡಗೇರಿ ಇಂಗ್ಲೆಂಡಿಗೆ ಹೋದವು, ಲಂಡನ್ನಿನ ಹೊರವಲಯದ ಸ್ಫಟಿಕ ಅರಮನೆಯಲ್ಲಿ ಪ್ರದರ್ಶಿತವಾದವು. 1866ರ ಡಿಸೆಂಬರಿನಲ್ಲಿ ಆ ಅರಮನೆಗೆ ಬೆಂಕಿಬಿತ್ತು. ಇಪ್ಪತ್ತು ವರ್ಷಗಳ ದುಡಿಮೆಯಲ್ಲಿ ಬೆರಳೆಣಿಕೆಯಷ್ಟು ಉಳಿಯಿತು. ಗಿಲ್ ಮತ್ತೆ ಕುಂಚ ಹಿಡಿದ. ಹಿಂದಿನ ಕಾಲದ ಲಿಪಿಕಾರರು ಇಂಥ ಹೊತ್ತಿನಲ್ಲಿ ಏನು ಮಾಡುತ್ತಿದ್ದರೋ ಅದನ್ನೇ ಮಾಡಿದ ಎನ್ನಬೇಕು.

ಅನಂತರ ಬಂದವರು ಮುಂಬಯಿಯ ಕಲಾಶಾಲೆಯ ಜಾನ್ ಗ್ರಿಫಿತ್ಸ್ ಮತ್ತು ಅವರ ಭಾರತೀಯ ಶಿಷ್ಯರು. 1872ರಿಂದ 1885ರವರೆಗೆ ಚಳಿಗಾಲ ಬಂತೆಂದರೆ ಇವರ ಬಿಡಾರ ಕಣಿವೆಯ ಬಳಿ. ಸುಮಾರು ಮುನ್ನೂರು ಚಿತ್ರಪಟಗಳಾದವು. ಲಂಡನ್ನಿನ ಸೌತ್ ಕೆನ್ಸಿಂಗ್ಟನ್ನಿಗೆ ಕಳುಹಿಸಿದ ಅವುಗಳಿಗೂ 1885ರಲ್ಲಿ ಬೆಂಕಿ ತಾಗಿ ನೂರಕ್ಕೂ ಹೆಚ್ಚು ಸುಟ್ಟವು ಅಥವಾ ಕೆಟ್ಟವು. ಎರಡು ಸಲ ಎರಡು ಬೆಂಕಿ! ಅಜಂತೆಗೆ ಶಾಪವಿದೆಯೆಂಬ ಮಾತು ಹುಟ್ಟಿಕೊಳ್ಳಲು ಇನ್ನೇನು ಬೇಕು? ನನಗೇನೋ ಶಾಪಕ್ಕಿಂತ ಮನುಷ್ಯನ ಅತ್ಯುತ್ಸಾಹವೇ ಹೆಚ್ಚು ಅಪಾಯಕಾರಿಯಾಗಿ ಕಾಣುತ್ತದೆ. ಏಕೆಂದರೆ ಪಟಗಳು ಸುಟ್ಟದ್ದು ಲಂಡನ್ನಿನಲ್ಲಿ. ಗೋಡೆಗೆ ಪೆಟ್ಟು ಬಿದ್ದದ್ದು ಇಲ್ಲಿ. ಮಸಿಹಿಡಿದ ಚಿತ್ರ ಸ್ಪಷ್ಟವಾಗಿ ಕಾಣಲೆಂದು ಪ್ರತಿಕಾರರು ಮೂಲದ ಮೇಲೆಯೇ ವಾರ್ನಿಷ್ ಸವರಿದರು. ಸವರಿದಾಗ ಬಣ್ಣಗಳು ಮಿಂಚಿ ಎದ್ದಿರಬೇಕು. ಕಾಲ ಕಳೆದಂತೆ ಆ ವಾರ್ನಿಷ್ ಹಳದಿಯಾಯಿತು, ಬಿರಿಯಿತು, ಬಿರಿದಾಗ ತನ್ನೊಡನೆ ಬಣ್ಣವನ್ನೂ ಎತ್ತಿಕೊಂಡಿತು. ಪ್ರತಿಯ ಸಲುವಾಗಿ ಮೂಲವೇ ನವೆಯಿತು. ಓಲೆಯ ಅಕ್ಷರ ಕಾಣಲೆಂದು ಮಸಿ ತಿಕ್ಕುವುದುಂಟು. ತಿಕ್ಕುವ ಕೈ ಒರಟಾದರೆ ಓಲೆಯೇ ಮುರಿಯುತ್ತದೆ.

ಈಗ ನಾನು ಹೇಳಬೇಕೆಂದಿದ್ದ ಮುಖ್ಯ ಘಟ್ಟಕ್ಕೆ ಬಂದೆ. ಲೇಡಿ ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಮ್ 1852ರಲ್ಲಿ ಹುಟ್ಟಿದ ಆಂಗ್ಲ ಮಹಿಳೆ, ವೈದ್ಯನೊಬ್ಬನ ಹೆಂಡತಿ, ಚಿತ್ರಕರ್ತೆ. ಇಟಲಿಯ ಚೆನ್ನಿನೋ ಚೆನ್ನಿನಿ ಎಂಬವನು ಸುಮಾರು 1400ರಲ್ಲಿ ಬರೆದ ಚಿತ್ರಕರ್ಮದ ಕೈಪಿಡಿಯನ್ನು 1899ರಲ್ಲಿ ಆಕೆ ಇಂಗ್ಲಿಷಿಗೆ ಅನುವಾದಿಸಿದ್ದರು. ಮಧ್ಯಯುಗದ ಇಗರ್ಜಿಗಳ ಗೋಡೆಗಳನ್ನು ಚಿತ್ರಿಸುತ್ತಿದ್ದವರ ಗುಟ್ಟುಗಳೆಲ್ಲ ಆ ಪುಸ್ತಕದಲ್ಲಿವೆ. ಹಸಿಯಾದ ಗಾರೆಯ ಮೇಲೆ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಿದರೆ ಸುಣ್ಣ ಆರುತ್ತ ಆರುತ್ತ ಬಣ್ಣವನ್ನು ಕಲ್ಲಿನಂತೆ ಹಿಡಿದುಕೊಳ್ಳುತ್ತದೆ. ಒಂದು ದಿನಕ್ಕೆ ಎಷ್ಟು ಬರೆಯಬಹುದೋ ಅಷ್ಟೇ ಗಾರೆ ಮೆತ್ತಬೇಕು. ಫ್ರೆಸ್ಕೋ ಎಂದರೆ ಇದೇ. ಬಣ್ಣಕ್ಕೆ ಮೊಟ್ಟೆಯ ಹಳದಿಯನ್ನು ಬೆರೆಸುವ ಇನ್ನೊಂದು ಕ್ರಮವೂ ಅಲ್ಲಿದೆ. ಎಳೆಯರ ಮುಖಕ್ಕೆ ಪಟ್ಟಣದ ಕೋಳಿಯ ಮೊಟ್ಟೆಯೇ ಆಗಬೇಕಂತೆ, ಅದರ ಹಳದಿ ಬಿಳುಚು. ಹಳ್ಳಿಯ ಕೋಳಿಯ ಕೆಂಪುಹಳದಿ ಮುದುಕರ, ಕಂದುಬಣ್ಣದವರ ಮೈಗೆ ಸಾಕು. ಇಷ್ಟು ಸೂಕ್ಷ್ಮವಾಗಿ ಹಳಬರ ಅಡುಗೆಮನೆಯನ್ನು ಹೊಕ್ಕು ನೋಡಿದ್ದ ಹೆಂಗಸು ಅಜಂತೆಗೆ ಬಂದದ್ದು ಅಜಂತೆಯ ಭಾಗ್ಯ.

ಇಲ್ಲಿ ಒಂದು ಮಾತನ್ನು ಹೇಳದಿದ್ದರೆ ಕನ್ನಡ ನಾಡಿಗೆ ಅನ್ಯಾಯವಾದೀತು. ಚೆನ್ನಿನಿಗಿಂತ ಇನ್ನೂರೈವತ್ತು ವರ್ಷಕ್ಕೂ ಹಿಂದೆ, ನಮ್ಮ ಕಲ್ಯಾಣದಲ್ಲಿ ಆಳುತ್ತಿದ್ದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥದಲ್ಲಿ ಗೋಡೆಯ ಮೇಲೆ ಚಿತ್ರ ಬರೆಯುವ ಬಗೆಯನ್ನು ವಿವರಿಸಿದ್ದಾನೆ. ಗೋಡೆಯನ್ನು ಸುಣ್ಣದಿಂದ ನುಣುಪುಮಾಡಬೇಕು. ಎಮ್ಮೆಯ ಚರ್ಮವನ್ನು ನೀರಿನಲ್ಲಿ ಬೆಣ್ಣೆಯಂತಾಗುವವರೆಗೆ ಕುದಿಸಿ ವಜ್ರಲೇಪವೆಂಬ ಅಂಟನ್ನು ಸಿದ್ಧಪಡಿಸಬೇಕು. ಕುಂಚಕ್ಕೆ ಕರುವಿನ ಕಿವಿಯ ರೋಮ ಉತ್ತಮ. ರಾಜ್ಯಭಾರದ ನಡುವೆ ಒಬ್ಬ ದೊರೆಗೆ ಕರುವಿನ ಕಿವಿಯ ಕೂದಲನ್ನು ಕುರಿತು ಯೋಚಿಸಲು ಬಿಡುವಿದ್ದ ಕಾಲವದು! ಅಜಂತೆಯ ಗೋಡೆಗಳೂ ಈ ಒಣಕ್ರಮಕ್ಕೇ ಹತ್ತಿರ. ಬಂಡೆಯನ್ನು ಉಳಿಯಿಂದ ಒರಟುಮಾಡಿ, ಮಣ್ಣಿಗೆ ಹೊಟ್ಟು, ನಾರು, ಮರಳು ಬೆರೆಸಿ ಮೆತ್ತಿ, ಮೇಲೆ ಬಿಳಿಯ ತೆಳುಲೇಪ ಕೊಟ್ಟು, ಅದು ಒಣಗಿದ ಬಳಿಕ ಅಂಟು ಬೆರೆಸಿದ ಬಣ್ಣ ಹಚ್ಚಿದ್ದಾರೆ. ಕೆಮ್ಮಣ್ಣು, ಹಳದಿಮಣ್ಣು, ಸುತ್ತಲಿನ ಬಂಡೆಯಲ್ಲೇ ಸಿಗುವ ಹಸಿರು, ದೀಪದ ಕಾಡಿಗೆ. ನೀಲಿ ಮಾತ್ರ ಅಫ್ಘಾನಿಸ್ತಾನದ ಗಣಿಯಿಂದ ಬಂದ ವೈಡೂರ್ಯಶಿಲೆ. ಆದ್ದರಿಂದ ಲೋಕವೆಲ್ಲ ಫ್ರೆಸ್ಕೋ ಎಂದು ಕರೆದರೂ ಇವು ಶಾಸ್ತ್ರಾರ್ಥದಲ್ಲಿ ಫ್ರೆಸ್ಕೋಗಳಲ್ಲ. ನೀರು ಸೋಕಿದರೆ ಕರಗುವ, ಉಗುರು ತಾಗಿದರೆ ಉದುರುವ ಮೈ ಇವುಗಳದು.

ಹೆರಿಂಗ್‌ಹ್ಯಾಮ್ 1909-10 ಮತ್ತು 1910-11ರ ಎರಡು ಚಳಿಗಾಲ ಇಲ್ಲಿ ಕೆಲಸಮಾಡಿದರು. ವಯಸ್ಸು ಐವತ್ತೇಳು ದಾಟಿತ್ತು. ಬಿಡಾರ ಫರ್ದಾಪುರದಲ್ಲಿ. ಹೈದರಾಬಾದಿನಿಂದ ಸೈಯದ್ ಅಹ್ಮದ್ ಮತ್ತು ಮುಹಮ್ಮದ್ ಫಜಲುದ್ದೀನ್ ಬಂದರು. ಇಂಗ್ಲೆಂಡಿನಿಂದ ಡೊರೊತಿ ಲಾರ್ಚರ್. ಕಲ್ಕತ್ತೆಯಿಂದ ಅವನೀಂದ್ರನಾಥ ಠಾಕೂರರು ಸೋದರಿ ನಿವೇದಿತಾರ ಪ್ರೇರಣೆಯಿಂದ ತಮ್ಮ ಶಿಷ್ಯರನ್ನು ಕಳುಹಿಸಿದರು: ನಂದಲಾಲ ಬೋಸ್, ಹತ್ತೊಂಬತ್ತರ ಹುಡುಗ ಅಸಿತಕುಮಾರ ಹಾಲ್ದಾರ್, ಸಮರೇಂದ್ರನಾಥ ಗುಪ್ತ ಮತ್ತು ನಮ್ಮ ಮೈಸೂರಿನ ಕೆ. ವೆಂಕಟಪ್ಪ. ಅರಮನೆಯ ಚಿತ್ರಗಾರರ ಮನೆತನದಲ್ಲಿ 1886ರಲ್ಲಿ ಹುಟ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ ಕಲ್ಕತ್ತೆಗೆ ಕಲಿಯಹೋಗಿದ್ದ ತರುಣ. ಮುಂದೆ ಇವರು ಉದಕಮಂಡಲದ ಮಂಜನ್ನೂ ಬಿಸಿಲನ್ನೂ ಜಲವರ್ಣದಲ್ಲಿ ಹಿಡಿದರು, ವೀಣೆಯನ್ನು ತಪಸ್ಸಿನಂತೆ ಅಭ್ಯಾಸಮಾಡಿದರು, ಬೆಂಗಳೂರಿನ ಚಿತ್ರಶಾಲೆಗೆ ತಮ್ಮ ಹೆಸರನ್ನು ಬಿಟ್ಟುಹೋದರು. ವೆಂಕಟಪ್ಪನವರ ಕುರಿತು ಮಾತನಾಡುವವರು ಊಟಿಯನ್ನು ನೆನೆಯುತ್ತಾರೆ, ಅಜಂತೆಯನ್ನು ಮರೆಯುತ್ತಾರೆ. ಎಳೆಯ ಕೈ ಹದಗೊಳ್ಳುತ್ತಿದ್ದ ಕಾಲದಲ್ಲಿ ಈ ಗೋಡೆಗಳ ಮುಂದೆ ಕುಳಿತದ್ದು ಅವರ ರೇಖೆಗೆ ಏನನ್ನೂ ಕೊಡಲಿಲ್ಲವೆಂದರೆ ನಾನು ನಂಬಲಾರೆ.

ಅವರ ಕೆಲಸವಾದರೂ ಎಂಥದು? ಗೋಡೆಯ ಮುಂದೆ ಪಾರದರ್ಶಕ ಕಾಗದವನ್ನು ಹಿಡಿದು ಮೊದಲು ರೇಖೆಯನ್ನು ತೆಗೆದುಕೊಳ್ಳುವುದು. ಅದನ್ನು ದಪ್ಪ ಕಾಗದಕ್ಕೆ ಇಳಿಸಿ, ಗೋಡೆಯ ಎದುರಿಗೇ ಕುಳಿತು ಬಣ್ಣ ತುಂಬುವುದು. ಹೇಳಲು ಎರಡು ವಾಕ್ಯ. ಆದರೆ ಗುಹೆಯೊಳಗೆ ಬೆಳಕೆಂಬುದು ಬಾಗಿಲಿನಿಂದ ಬಂದಷ್ಟೇ. ಅದೂ ಹೊತ್ತು ಸರಿದಂತೆ ಸರಿಯುತ್ತದೆ. ಎಲ್ಲಿ ಕಲೆಯಿದೆ, ಎಲ್ಲಿ ಬಣ್ಣವಿದೆ, ಎಲ್ಲಿ ಬಾವಲಿಯ ಹಿಕ್ಕೆಯಿದೆ, ಎಲ್ಲಿ ಹಿಂದಿನವರ ವಾರ್ನಿಷ್ ಇದೆ ಎಂಬುದನ್ನು ಕಣ್ಣೇ ನಿರ್ಣಯಿಸಬೇಕು. ಗ್ರಂಥಸಂಪಾದನೆ ಮಾಡುವವರಿಗೆ ಈ ಸಂಕಟ ಗೊತ್ತು. ಹುಳುತಿಂದ ಕಡೆ ಏನಿತ್ತೆಂದು ಊಹಿಸಿ ತುಂಬುವುದೇ, ಖಾಲಿ ಬಿಡುವುದೇ? ತುಂಬಿದರೆ ಓದುಗನಿಗೆ ಸಂತೋಷ. ಬಿಟ್ಟರೆ ಕವಿಗೆ ನ್ಯಾಯ.

ತೈಲವರ್ಣದ ಪ್ರತಿಗೂ ಜಲವರ್ಣದ ಪ್ರತಿಗೂ ಇರುವ ವ್ಯತ್ಯಾಸ ಒಂದನೆಯ ಗುಹೆಯಲ್ಲಿ ನಿಂತಾಗ ನನಗೆ ಸ್ಪಷ್ಟವಾಯಿತು. ಹೆರಿಂಗ್‌ಹ್ಯಾಮ್ ತಂಡದ ಪ್ರತಿಗಳು 1915ರಲ್ಲಿ ಇಂಡಿಯಾ ಸೊಸೈಟಿಯ ದೊಡ್ಡ ಸಂಪುಟವಾಗಿ ಪ್ರಕಟವಾದವು. ಅದರಿಂದ ಮತ್ತು ಗ್ರಿಫಿತ್ಸರ ಸಂಪುಟದಿಂದ ಕೆಲವು ಪುಟಗಳ ನಕಲನ್ನು ನಾನು ಕೊಂಡೊಯ್ದಿದ್ದೆ. ತೈಲವರ್ಣದಲ್ಲಿ ಮೈಗೆ ಗುಂಡನೆಯ ಭಾರವಿದೆ, ನೆರಳಿದೆ, ಹೊಳಪಿದೆ. ಮುಂಬಯಿಯ ಕಲಾಶಾಲೆಯ ಶಿಸ್ತು ಬೋಧಿಸತ್ತ್ವನನ್ನು ಪೀಠದ ಮೇಲೆ ನಿಲ್ಲಿಸಿದ ಹಾಗೆ. ಗೋಡೆಗೆ ಆ ಹೊಳಪಿಲ್ಲ. ಅದರ ಮೈ ಒಣಮಣ್ಣಿನಂತೆ ಮಂಕು. ಆ ಮಂಕಿನ ಮೇಲೆ ರೇಖೆಯೊಂದೇ ಜೀವ. ಹುಬ್ಬಿನಿಂದ ಮೂಗಿಗೆ, ಮೂಗಿನಿಂದ ತುಟಿಗೆ ಕೈಯೆತ್ತದೆ ಎಳೆದಂಥ ಗೆರೆ. ನೀರಿನ ಬಣ್ಣವು ತೆಳುವಾದ್ದರಿಂದ ಗೆರೆಯನ್ನು ಮುಚ್ಚುವುದಿಲ್ಲ, ಮಂಕನ್ನು ಕೆಡಿಸುವುದಿಲ್ಲ. ಬಂಗಾಳದ ಹುಡುಗರ ಕೈಯಲ್ಲಿ ಒಂದಿಷ್ಟು ಹೆಚ್ಚಿನ ಕೋಮಲತೆ ಸೇರಿಕೊಂಡಿದೆಯೆಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ; ಗೋಡೆಯ ಪದ್ಮಪಾಣಿಗೆ ಅಗಲವಾದ ಹೆಗಲಿದೆ, ಕಾಗದದವನು ಕೊಂಚ ನಾಚಿಕೊಂಡಿದ್ದಾನೆ. ಆದರೂ ಎರಡರಲ್ಲಿ ಒಂದನ್ನು ಆರಿಸೆಂದರೆ ಕಾಗದವನ್ನೇ ಆರಿಸುತ್ತೇನೆ.

ಇನ್ನು ಪುಲಕೇಶಿ. ಒಂದನೆಯ ಗುಹೆಯ ಮುಂಗೋಡೆಯಲ್ಲಿ, ಸಿಂಹಾಸನದ ಮೇಲೆ ಕುಳಿತ ರಾಜನಿಗೆ ಮೊನಚುಟೊಪ್ಪಿಗೆಯ ಗಡ್ಡದ ವಿದೇಶಿಯರು ಕಾಣಿಕೆ ಒಪ್ಪಿಸುವ ಚಿತ್ರವಿದೆ. ಪರ್ಷಿಯಾದ ದೊರೆ ಖುಸ್ರೋವಿನ ದೂತರನ್ನು ಇಮ್ಮಡಿ ಪುಲಕೇಶಿ ಬರಮಾಡಿಕೊಳ್ಳುತ್ತಿರುವುದು ಇದೇ ಎಂದು ಜೇಮ್ಸ್ ಫರ್ಗುಸನ್ 1879ರಲ್ಲಿ ವಾದಿಸಿದರು. ಇಬ್ಬರು ದೊರೆಗಳಿಗೂ ಪತ್ರವ್ಯವಹಾರವಿತ್ತೆಂದು ಅರಬ್ಬೀ ಚರಿತ್ರಕಾರ ತಬರಿ ಬರೆದಿರುವುದು ಅದಕ್ಕೆ ಆಧಾರ. ಅಂದಿನಿಂದ ಆ ಚಿತ್ರದ ಪ್ರತಿ ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಪುಲಕೇಶಿಯ ಭಾವಚಿತ್ರವಾಗಿ ನೆಲೆಸಿತು. ಆದರೆ ಈ ಗುಹೆಯನ್ನು ಚಿತ್ರಿಸಿದ್ದು ಐದನೆಯ ಶತಮಾನದ ಕೊನೆಯ ಭಾಗದಲ್ಲೆಂದು ವಾಲ್ಟರ್ ಸ್ಪಿಂಕ್ ಮೊದಲಾದವರು ನಿರ್ಣಯಿಸಿದ್ದಾರೆ; ಪುಲಕೇಶಿ ಪಟ್ಟಕ್ಕೆ ಬಂದದ್ದು ಅದಕ್ಕಿಂತ ನೂರಕ್ಕೂ ಹೆಚ್ಚು ವರ್ಷಗಳ ಮೇಲೆ. ಚಿತ್ರದ ಕತೆ ಮಹಾಸುದರ್ಶನನೆಂಬ ಬೌದ್ಧಕಥೆಯ ಚಕ್ರವರ್ತಿಯದೆಂದು ಜರ್ಮನ್ ವಿದ್ವಾಂಸ ಶ್ಲಿಂಗ್ಲೋಫ್ ತೋರಿಸಿದ್ದಾರೆ.

ಇದನ್ನೆಲ್ಲ ನಾನು ಮಿತ್ರರಿಗೆ ಗುಹೆಯಲ್ಲೇ ಹೇಳಿದೆ. ಅವರು ಬಹಳ ಹೊತ್ತು ಆ ಚಿತ್ರದ ಮುಂದೆ ನಿಂತರು.

"ಇಪ್ಪತ್ತೆರಡು ವರ್ಷ ಆತು ನಾ ಇದನ್ನ ಪುಲಕೇಶಿ ಅಂತ ಕಲಸ್ಲಿಕ್ಕತ್ತು. ನೀವು ಒಂದು ಮಾತಿನಾಗ ತೆಗದ್ಬಿಟ್ರಿ," ಎಂದರು.

"ನಾನು ತೆಗೆದದ್ದಲ್ಲ ಸರ್, ಗೋಡೆಯೇ ಹೇಳುತ್ತಿದೆ," ಎಂದೆ.

"ಗ್ವಾಡಿ ಎಲ್ಲಿ ಹೇಳ್ತದ್ರೀ? ಗ್ವಾಡಿ ಸುಮ್ನ ಅದ. ಹೇಳವ್ರೆಲ್ಲ ನಾವು."

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಚಾಲುಕ್ಯರ ಚಿತ್ರವನ್ನೇ ನೋಡಬೇಕೆಂದರೆ ಬಾದಾಮಿಯ ಮೂರನೆಯ ಗುಹೆಗೆ ಹೋಗಬೇಕು. ಪುಲಕೇಶಿಯ ಚಿಕ್ಕಪ್ಪ ಮಂಗಳೇಶನು 578ರಲ್ಲಿ ಮುಗಿಸಿದ ಆ ವೈಷ್ಣವ ಗುಹೆಯ ಕಪೋತದ ಕೆಳಗೆ ಸಭಾಚಿತ್ರವೊಂದರ ಅವಶೇಷವಿದೆ. ಅದು ನಮ್ಮದೆನ್ನುವುದರಲ್ಲಿ ಯಾರ ತಕರಾರೂ ಇಲ್ಲ. ಆದರೆ ನಮ್ಮದೆಂದು ಎದೆತಟ್ಟಿ ಹೇಳಬಹುದಾದ ಆ ಬಣ್ಣ ಮಾಸುತ್ತ ಬಂದಿದೆ. ಕತ್ತೆತ್ತಿ ನೋಡುವವರೂ ಕಡಿಮೆ. ನಮ್ಮದಲ್ಲದ ಅಜಂತೆಯ ರಾಜನಿಗಾಗಿ ನಾವು ಇನ್ನೂ ಜಗಳವಾಡುತ್ತೇವೆ.

ಹದಿನಾರನೆಯ ಗುಹೆಯಲ್ಲಿ ಸುಂದರಿಯ ಚಿತ್ರವಿದೆ. ಗಂಡನಾದ ನಂದನು ಸಂನ್ಯಾಸಿಯಾದನೆಂದು ಕೇಳಿ, ಆಧಾರವಿಲ್ಲದ ಬಳ್ಳಿಯಂತೆ ಜಾರುತ್ತಿರುವ ಹೆಣ್ಣು, ಸುತ್ತ ಸಖಿಯರು. ಹತ್ತೊಂಬತ್ತನೆಯ ಶತಮಾನದವರು ಇದನ್ನು ಸಾಯುತ್ತಿರುವ ರಾಜಕುಮಾರಿಯೆಂದು ಕರೆದು ಕಣ್ಣೀರಿಟ್ಟರು. ಗೋಡೆಯ ಮೇಲೆ ಇಂದು ಅವಳನ್ನು ಹುಡುಕಬೇಕಾಗುತ್ತದೆ. ಕಾವಲುಗಾರನು ದೀಪವನ್ನು ಓರೆಯಾಗಿ ಹಿಡಿದಾಗ ಬಾಗಿದ ತಲೆ ಮೊದಲು, ಆಮೇಲೆ ಸೋತ ಕೈ ತೋರಿದವು. ಪ್ರತಿಯಲ್ಲಿ ನೋಡಿದ್ದರಿಂದಲೇ ಎಲ್ಲಿ ಏನಿದೆಯೆಂದು ಕಣ್ಣಿಗೆ ಗೊತ್ತಿತ್ತು. ಪ್ರತಿಯ ಉಪಕಾರವೇನೆಂದು ನನಗೆ ಆ ಕ್ಷಣದಲ್ಲಿ ಮನದಟ್ಟಾಯಿತು. ಹದಿನೇಳನೆಯದರಲ್ಲಿ ಭಿಕ್ಷಾಪಾತ್ರೆ ಹಿಡಿದು ಅರಮನೆಯ ಬಾಗಿಲಿಗೆ ಬಂದ ಬುದ್ಧನ ಮುಂದೆ ಯಶೋಧರೆ ಮಗನನ್ನು ನಿಲ್ಲಿಸಿದ್ದಾಳೆ. ಬುದ್ಧನನ್ನು ಆಳೆತ್ತರಕ್ಕಿಂತ ಎಷ್ಟೋ ಮಿಗಿಲಾಗಿಯೂ ತಾಯಿಮಗನನ್ನು ಪುಟ್ಟದಾಗಿಯೂ ಬರೆದಿದ್ದಾರೆ. ಅಂಗೈಯಗಲದ ಅಚ್ಚಿನಲ್ಲಿ ಇದು ಒಂದು ಸಂಪ್ರದಾಯವೆನಿಸುತ್ತದೆ; ಗೋಡೆಯ ಮುಂದೆ ನಿಂತಾಗ ನಾವೂ ರಾಹುಲನ ಪಕ್ಕದಲ್ಲಿ ನಿಂತು ತಲೆಯೆತ್ತಿ ನೋಡುತ್ತೇವೆ. ಇದನ್ನು ಯಾವ ಕಾಗದವೂ ಕೊಡಲಾರದು.

1914ರಲ್ಲಿ ನಿಜಾಮ ಸರಕಾರವು ಪುರಾತತ್ವ ಇಲಾಖೆಯನ್ನು ಸ್ಥಾಪಿಸಿ ಗುಲಾಂ ಯಜ್ದಾನಿಯವರನ್ನು ಅದರ ಮುಖ್ಯಸ್ಥರನ್ನಾಗಿ ಮಾಡಿತು. ಯಜ್ದಾನಿಯವರು 1920ರಲ್ಲಿ ಇಟಲಿಯಿಂದ ಚೆಕ್ಕೋನಿ, ಓರ್ಸಿನಿ ಎಂಬ ಇಬ್ಬರು ತಜ್ಞರನ್ನು ಕರೆಸಿದರು. ಉದುರುತ್ತಿದ್ದ ಗಾರೆಯನ್ನು ಅವರು ಬಂಡೆಗೆ ಮತ್ತೆ ಅಂಟಿಸಿದ್ದರಿಂದ ಎಷ್ಟೋ ಚಿತ್ರಗಳು ಉಳಿದವು. ಮ್ಯಾಲೆ ಅವರು ಸವರಿದ ಅರಗಿನ ಲೇಪ ಕಾಲಕ್ರಮದಲ್ಲಿ ಹಳದಿಗಟ್ಟಿತು. ಅದನ್ನು ತೆಗೆಯುವ ಕೆಲಸ ಭಾರತದ ಪುರಾತತ್ವ ಇಲಾಖೆಯ ಪಾಲಿಗೆ ಬಂತು. ಹೆರಿಂಗ್‌ಹ್ಯಾಮ್ ತಂಡದವರು ಕಂಡ ಗೋಡೆ ಈ ಲೇಪಕ್ಕೆ ಹತ್ತು ವರ್ಷ ಹಿಂದಿನದು. ಆದುದರಿಂದ ಅವರ ಕಾಗದಗಳು ಅಂದಿನ ಸ್ಥಿತಿಗೆ ಸಾಕ್ಷಿಪತ್ರಗಳೂ ಆಗಿವೆ. ಆ ಮಹಿಳೆಯ ಕೊನೆಗಾಲ ದುಃಖಮಯವಾದುದು. 1911ರಲ್ಲಿ ಊರಿಗೆ ಮರಳಿದವರೇ ಮನೋವ್ಯಾಧಿಗೆ ತುತ್ತಾದರು. ಯಾರೋ ತಮ್ಮನ್ನು ಬೆನ್ನಟ್ಟುತ್ತಿದ್ದಾರೆಂಬ ಭ್ರಮೆ ಅವರನ್ನು ಹಿಡಿಯಿತು. 1929ರಲ್ಲಿ ತೀರಿಕೊಳ್ಳುವವರೆಗೂ ಆರೈಕೆಯ ಮನೆಗಳಲ್ಲೇ ಇದ್ದರು. ತಮ್ಮ ಸಂಪುಟ 1915ರಲ್ಲಿ ಹೊರಬಂದಾಗ ಅದರ ಸಂತೋಷವನ್ನು ಅನುಭವಿಸುವ ಸ್ಥಿತಿಯಲ್ಲಿ ಅವರಿರಲಿಲ್ಲ.

ಬೆಂಕಿಯ ಕತೆ ಇಷ್ಟಕ್ಕೇ ಮುಗಿಯಲಿಲ್ಲ. ಜಪಾನಿನ ಕಲಾವಿದರು ಅಜಂತೆಗೆ ಬಂದು ತೆಗೆದುಕೊಂಡು ಹೋದ ರೇಖಾಪ್ರತಿಗಳು 1923ರ ಟೋಕಿಯೋ ಭೂಕಂಪದಲ್ಲಿ ನಾಶವಾದವು. ಇಲ್ಲಿಗೆ ಬಂದಿದ್ದವರಲ್ಲಿ ಅರಾಯ್ ಕಂಪೋ ಒಬ್ಬರು. ಅವರು ಮುಂದೆ ತಮ್ಮ ದೇಶದ ಹೋರ್ಯೂಜಿ ವಿಹಾರದ ಸ್ವರ್ಣಮಂದಿರದಲ್ಲಿ, ನಮ್ಮ ಪದ್ಮಪಾಣಿಯ ದೂರದ ದಾಯಾದಿಗಳಂತಿರುವ ಬೋಧಿಸತ್ತ್ವರನ್ನು ಪ್ರತಿಮಾಡುವ ತಂಡದಲ್ಲಿದ್ದರು. 1940ರಲ್ಲಿ ಆರಂಭವಾದ ಆ ಕೆಲಸ ಯುದ್ಧದ ನಡುವೆ ಕುಂಟುತ್ತ ಸಾಗಿ, ಅರಾಯ್ ತೀರಿಕೊಂಡ ಮೇಲೂ ಮುಂದುವರಿದಿತ್ತು. 1949ರ ಜನವರಿ 26ರ ಬೆಳಗಿನ ಜಾವ ಮಂದಿರಕ್ಕೆ ಬೆಂಕಿ ಹತ್ತಿತು. ಚಳಿಗೆ ಪ್ರತಿಕಾರರು ಬಳಸುತ್ತಿದ್ದ ವಿದ್ಯುತ್ತಿನ ಬೆಚ್ಚನೆಯ ದಿಂಬೇ ಕಾರಣವಿರಬೇಕೆಂದು ಶಂಕೆ. ಸಾವಿರದ ಇನ್ನೂರು ವರ್ಷ ಉಳಿದಿದ್ದ ಬಣ್ಣಗಳು ಸುಟ್ಟು ಕಪ್ಪಾದವು. ಈ ಸಲ ಮೂಲವು ಹೋಯಿತು, ಪ್ರತಿ ಉಳಿಯಿತು! ಛಾಯಾಚಿತ್ರಗಳನ್ನೂ ಆ ಪ್ರತಿಗಳನ್ನೂ ನೆಮ್ಮಿ ಹೊಸದಾಗಿ ಬರೆದ ಚಿತ್ರಗಳೇ ಇಂದು ಆ ಮಂದಿರದಲ್ಲಿವೆ. ಜಪಾನಿನಲ್ಲಿ ಆ ದಿನವನ್ನು ಸಾಂಸ್ಕೃತಿಕ ನಿಧಿಗಳ ಅಗ್ನಿರಕ್ಷಣಾ ದಿನವೆಂದು ಆಚರಿಸುತ್ತಾರೆ.

ನಮ್ಮಲ್ಲಿಯೂ ಇದಕ್ಕೆ ನಿದರ್ಶನವಿದೆ. ಮಧ್ಯಪ್ರದೇಶದ ಬಾಗ್ ಗುಹೆಗಳ ಚಿತ್ರಗಳನ್ನು 1921ರಲ್ಲಿ ನಂದಲಾಲ, ಹಾಲ್ದಾರ್, ಸುರೇಂದ್ರನಾಥ ಕರ್ ಪ್ರತಿಮಾಡಿದರು. ಅಲ್ಲಿಯ ಗೋಡೆ ತೇವದಿಂದ ಬಹುಮಟ್ಟಿಗೆ ಹಾಳಾಗಿದೆ. ಬಾಗ್ ಹೇಗಿತ್ತೆಂದು ತಿಳಿಯಬೇಕಾದರೆ ಗ್ವಾಲಿಯರಿನ ಸಂಗ್ರಹಾಲಯದಲ್ಲಿರುವ ಪ್ರತಿಗಳೇ ಗತಿ. ಪೊನ್ನನ ಶಾಂತಿಪುರಾಣ ಕಾಣೆಯಾದೀತೆಂದು ಅಳುಕಿ ಅತ್ತಿಮಬ್ಬೆ ಸಾವಿರ ಪ್ರತಿಗಳನ್ನು ಮಾಡಿಸಿದಳೆಂಬುದನ್ನು ನಾವು ದಾನದ ಕತೆಯೆಂದು ಓದುತ್ತೇವೆ. ಹತ್ತನೆಯ ಶತಮಾನದ ಆ ಹೆಣ್ಣುಮಗಳಿಗೆ ಓಲೆಯ ಆಯುಸ್ಸು ಎಷ್ಟೆಂಬುದು ಚೆನ್ನಾಗಿ ಗೊತ್ತಿತ್ತು.

ಮಧ್ಯಾಹ್ನ ಕಳೆದು ಜನಸಂದಣಿ ಇಳಿದ ಮೇಲೆ ನಾವು ಮತ್ತೊಮ್ಮೆ ಒಂದನೆಯ ಗುಹೆಗೆ ಹೋದೆವು. ಚಪ್ಪಲಿ ಹೊರಗೆ, ಒಳಗೆ ತಣ್ಣನೆಯ ನೆಲ. ಮಂದವಾದ ವಿದ್ಯುದ್ದೀಪದಲ್ಲಿ ಪದ್ಮಪಾಣಿಯ ಬಲಗೈಯ ಕಮಲ ಮೊದಲು ಕಾಣುತ್ತದೆ, ಕಣ್ಣು ಕತ್ತಲೆಗೆ ಹೊಂದಿಕೊಂಡಂತೆ ಮುಖ ನಿಧಾನವಾಗಿ ತೇಲಿ ಬರುತ್ತದೆ. ಶಾಲೆಯ ಮಕ್ಕಳ ಒಂದು ತಂಡ ಬಂದು, ಗದ್ದಲ ಮಾಡಿ, ಹೊರಟುಹೋಯಿತು. ಮಿತ್ರರು ಕಂಬಕ್ಕೆ ಒರಗದಂತೆ ಎಚ್ಚರದಿಂದ ನಿಂತು, ಜೇಬಿನಿಂದ ಹಾಜರಿಯ ಪುಟ್ಟ ಪುಸ್ತಕವನ್ನೂ ಪೆನ್ಸಿಲನ್ನೂ ತೆಗೆದರು. ಬೋಧಿಸತ್ತ್ವನ ಹುಬ್ಬನ್ನು ಎಳೆಯಲು ನೋಡಿದರು. ಗೆರೆ ಒಮ್ಮೆ ಬಿಲ್ಲಾಯಿತು, ಒಮ್ಮೆ ಕುಡುಗೋಲಾಯಿತು. ಐದಾರು ಸಲ ಎಳೆದು, ಪ್ರತಿಸಲವೂ ಗೋಡೆಯನ್ನೊಮ್ಮೆ ಕಾಗದವನ್ನೊಮ್ಮೆ ನೋಡಿ, "ನಿಮ್ಮ ವೆಂಕಟಪ್ಪಗ ಎಷ್ಟು ವಯಸ್ಸಿತ್ರೀ ಆಗ?" ಎಂದು ಕೇಳಿದರು.

"ಇಪ್ಪತ್ತಮೂರು-ಇಪ್ಪತ್ತನಾಲ್ಕು, ಸರ್."

"ಹೂಂ," ಎಂದು ಪುಟ ಮಗುಚಿ, ಹೊಸದಾಗಿ ಶುರುಮಾಡಿದರು. ಕಾವಲುಗಾರ ಬಾಗಿಲಲ್ಲಿ ಬಂದು ಕೈಗಡಿಯಾರ ತೋರಿಸುವವರೆಗೂ ಅವರು ಬರೆಯುತ್ತಲೇ ಇದ್ದರು.